ಹದಿನೇಳನೇ ಬೋರು

"ಮುಂದಿನದು," ಎಂದರು ಮೇಷ್ಟ್ರು.

ಅವನು ರಿಮೋಟಿನ ಗುಂಡಿ ಒತ್ತಿದ. ಪರದೆಯ ಮೇಲಿದ್ದ ಸುರಂಗ ಯಂತ್ರದ ಫೋಟೋ ಹೋಗಿ ಕೈಬರಹದ ಒಂದು ಹಾಳೆ ಗೋಡೆಯಷ್ಟು ದೊಡ್ಡದಾಗಿ ಬಂದು ನಿಂತಿತು. ಬೋರ್ ಸಂಖ್ಯೆ ಹದಿನೇಳು. ಎಡಕ್ಕೆ ಆಳ, ನಡುವೆ ಮಣ್ಣಿನ ಬಣ್ಣ, ಬಲಕ್ಕೆ ಪೆಟ್ಟಿನ ಲೆಕ್ಕ. ಕೆಳಗಿನ ಮೂಲೆಯಲ್ಲಿ ಕೆಸರು ಮೆತ್ತಿದ ಹೆಬ್ಬೆರಳಿನ ಗುರುತು, ಅದರ ಪಕ್ಕ ಸಹಿ. ಸಹಿ ಅವನದೇ.

ಮೇಜಿನ ಕೆಳಗೆ ಅವನ ಕಾಲು ಆಗಲೇ ಅಲುಗಾಡಲು ಶುರುವಾಗಿತ್ತು. ಮೂರು ಸಂಜೆಯ ಉಪನ್ಯಾಸಮಾಲೆಯಲ್ಲಿ ಇದು ಎರಡನೆಯದು. ನಿನ್ನೆ ಅಡಿಪಾಯ, ಇವತ್ತು ಸುರಂಗ, ನಾಳೆ ಪ್ರಶ್ನೋತ್ತರ. ಸಭಾಂಗಣದಲ್ಲಿ ಎಂಬತ್ತು ಜನ. ಹಿಂದಿನ ಸಾಲುಗಳಲ್ಲಿ ವಿದ್ಯಾರ್ಥಿಗಳು, ನಡುವೆ ಗುತ್ತಿಗೆದಾರರು, ಮುಂದಿನ ಸಾಲಿನ ನಡುಗುರ್ಚಿಯಲ್ಲಿ ಅವನ ಕಂಪನಿಯ ಚೀಫ್ ಇಂಜಿನಿಯರ್. ವೇದಿಕೆಯ ಪಕ್ಕದ ಪುಟ್ಟ ಮೇಜಿನ ಹಿಂದೆ ಅವನು. ಮೇಷ್ಟ್ರಿಗೆ ರಿಮೋಟ್ ಒಗ್ಗುವುದಿಲ್ಲ. ಮುಂದಕ್ಕೆ ಒತ್ತಲು ಹೋಗಿ ಹಿಂದಕ್ಕೆ ಒತ್ತುತ್ತಾರೆ. ಅದಕ್ಕೇ ಅವನನ್ನು ಕೂರಿಸಿದ್ದು.

"ಇಲ್ಲಿ ಮಣ್ಣಿನ ಪರೀಕ್ಷೆ ಗೊತ್ತಿಲ್ಲದ ಗುತ್ತಿಗೆದಾರರೂ ಇದ್ದಾರೆ. ಗೊತ್ತಿರೋ ಹಾಗೆ ತಲೆ ಆಡಿಸ್ತಿದ್ದಾರೆ, ಪಾಪ," ಎಂದರು ಮೇಷ್ಟ್ರು. ಜನ ನಕ್ಕರು. "ಅವರಿಗೋಸ್ಕರ ಹೇಳ್ತೀನಿ. ನೆಲಕ್ಕೆ ತೂತು ಕೊರೀತೀವಿ. ಒಂದೂವರೆ ಮೀಟರಿಗೊಂದು ಸಲ ನಿಲ್ಲಿಸಿ, ಕಬ್ಬಿಣದ ರಾಡು ಇಳಿಸಿ, ಅದರ ತಲೆ ಮೇಲೆ ಅರವತ್ತಮೂರೂವರೆ ಕಿಲೋ ಹ್ಯಾಮರ್ ಬೀಳಿಸ್ತೀವಿ. ರಾಡು ಒಂದಡಿ ಒಳಗೆ ಹೋಗೋಕೆ ಎಷ್ಟು ಪೆಟ್ಟು ತಿಂತು ಅಂತ ಬರ್ಕೋತೀವಿ. ಪೆಟ್ಟು ಜಾಸ್ತಿ ಅಂದ್ರೆ ಮಣ್ಣು ಗಟ್ಟಿ, ಕಡಿಮೆ ಅಂದ್ರೆ ಮೆತ್ತಗೆ. ಅಷ್ಟೇ ವಿದ್ಯೆ. ಇದಕ್ಕೆ ನನಗೆ ಮೂವತ್ತೆಂಟು ವರ್ಷ ಸಂಬಳ ಕೊಟ್ಟಿದ್ದಾರೆ."

ಅವರು ಕೋಲಿನ ತುದಿಯನ್ನು ಬಲಗಡೆಯ ಅಂಕಣದ ಮೇಲಿಟ್ಟು ನಿಧಾನವಾಗಿ ಕೆಳಗಿಳಿಸಿದರು. "ಒಂಬತ್ತು. ಹನ್ನೆರಡು. ಹದಿನಾಲ್ಕು. ಹದಿನೆಂಟು. ಇಪ್ಪತ್ತೊಂದು. ಇಪ್ಪತ್ತೈದು. ಹೀಗೇ ಇಪ್ಪತ್ತು ಮೀಟರ್ ತನಕ. ಶಾಲೆ ಮಕ್ಕಳು ಎತ್ತರದ ಪ್ರಕಾರ ಸಾಲಾಗಿ ನಿಂತ ಹಾಗಿದೆ. ಒಂದೂ ಗಲಾಟೆ ಮಾಡಿಲ್ಲ. ಇಷ್ಟು ಶಿಸ್ತಿನ ನೆಲ ನಾನು ನೋಡಿರೋದು ಎರಡೋ ಮೂರೋ ಸಲ."

ಈ ಹಾಳೆಯನ್ನು ಅವನು ಆರಿಸಿರಲಿಲ್ಲ. ಹೋದ ವಾರ ಮೇಷ್ಟ್ರು ದಪ್ಪ ವರದಿಯನ್ನು ಮಡಿಲಲ್ಲಿಟ್ಟುಕೊಂಡು ಎಲ್ಲ ಬೋರುಗಳ ಹಾಳೆ ತಿರುವಿ, ಇದರ ಮೇಲೆ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, "ಇದನ್ನ ಹಾಕಪ್ಪ, ಲಕ್ಷಣವಾಗಿದೆ," ಎಂದಿದ್ದರು. ಅವನು "ಆಯ್ತು ಸಾರ್" ಎಂದಿದ್ದ. ಬೇರೆ ಏನು ಹೇಳಬಹುದಿತ್ತು ಎಂದು ಆಮೇಲೆ ಯೋಚಿಸಿದಾಗ ಬೇಕಾದಷ್ಟು ಹೊಳೆದಿತ್ತು.

"ಈಗ ಇದೇ ದಾರೀಲಿ ಸುರಂಗ ಯಂತ್ರ ಮುಂದಿರೋ ಮಣ್ಣನ್ನ ಒತ್ತಿ ಹಿಡ್ಕೊಂಡು ಹೋಗ್ತಿದೆ, ಮಣ್ಣು ಒಳಗೆ ಕುಸೀಬಾರದು ಅಂತ," ಮೇಷ್ಟ್ರು ಮುಂದುವರಿಸಿದರು. "ಹೆದರಿಕೆಯ ಒತ್ತಡ ಅದು. ಹೆದರಿದಷ್ಟೂ ನಿಧಾನ. ಹದಿನಾರನೇ ಬೋರಿಗೂ ಹದಿನೆಂಟನೇ ಬೋರಿಗೂ ನಡುವೆ ನೂರು ಮೀಟರ್. ಮಧ್ಯದಲ್ಲಿ ಈ ಹದಿನೇಳು ಸಾಕ್ಷಿ ನಿಂತಿದೆ. ಆ ನೂರು ಮೀಟರಿನಲ್ಲಿ ಒತ್ತಡ ಮೂರರಲ್ಲಿ ಒಂದು ಪಾಲು ಇಳಿಸಿ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ದಾಟಿ ಹೋಗ್ತೀರಿ."

ಚೀಫ್ ಪುಸ್ತಕ ತೆರೆದು ಏನೋ ಬರೆದುಕೊಂಡರು. ಕೆಲಸ ಎರಡು ತಿಂಗಳು ಹಿಂದೆ ಬಿದ್ದಿತ್ತು. ಮೇಲಿನವರಿಂದ ದಿನಾ ಬೈಸಿಕೊಳ್ಳುತ್ತಿದ್ದವರು ಅವರು.

"ಮುಂದಿನದು," ಎಂದರು ಮೇಷ್ಟ್ರು.

ಗುಂಡಿ ಒತ್ತಲು ಅವನಿಗೆ ಎಲ್ಲಿಲ್ಲದ ಆತುರವಿತ್ತು. ಎರಡು ಸಲ ಒತ್ತಿಬಿಟ್ಟ.

*

ನಾಲ್ಕು ವರ್ಷದ ಹಿಂದೆ, ಅವನು ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಹದಿನೇಳನೇ ಬೋರು ಬೀಳಬೇಕಾಗಿದ್ದದ್ದು ಒಂದು ಲಾಂಡ್ರಿಯ ಹಿತ್ತಲಿನಲ್ಲಿ. ಆಸ್ಪತ್ರೆಗಳ ಬಿಳಿ ಹಾಸುಬಟ್ಟೆ ಒಗೆದು ಒಣಹಾಕುವ ಜಾಗ ಅದು. ಬೋರ್ ಕೊರೆದರೆ ಕೆಸರು ಹಾರುತ್ತದೆ. ಲಾಂಡ್ರಿಯ ಯಜಮಾನಿ ಗೇಟಿಗೆ ಬೀಗ ಹಾಕಿ, ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಇವತ್ತು ಇನ್ನೂರು ಶೀಟ್ ಹಾಕಿದೀನಿ. ನಿಮ್ಮ ಕೆಸರು ಬಿದ್ರೆ ನೀನು ಒಗೆದುಕೊಡ್ತೀಯಾ?" ಎಂದು ಕಂಬಿಯ ಸಂದಿನಿಂದಲೇ ಬೈದಿದ್ದಳು. ವರದಿ ಎರಡು ದಿನದಲ್ಲಿ ಹೋಗಬೇಕಾಗಿತ್ತು. ಫೋನಿನಲ್ಲಿ ಚೀಫ್, "ಅದೆಲ್ಲ ನನಗೆ ಹೇಳಬೇಡ, ಮುಗಿಸು," ಎಂದಿದ್ದರು.

ದಾರಿ ತೋರಿಸಿದವನು ಬೋರಿಂಗ್ ಮೇಸ್ತ್ರಿ. ಇಪ್ಪತ್ತು ವರ್ಷದಿಂದ ನೆಲಕ್ಕೆ ತೂತು ಹೊಡೆಯುತ್ತಿದ್ದವನು. "ಈ ಕಡೆ ಹದಿನಾರು ಹೊಡೆದಿದ್ದೀವಿ, ಆ ಕಡೆ ಹದಿನೆಂಟು ಹೊಡೆದಿದ್ದೀವಿ. ಮಧ್ಯ ಏನಿರುತ್ತೆ ಇಂಜಿನಿಯರಪ್ಪ, ಸಮುದ್ರ ಇರುತ್ತಾ?" ಎಂದು ಸಾಮಾನಿನ ಪೆಟ್ಟಿಗೆಯ ಮೇಲೆ ಕೂತ. ಅವನು ಪಕ್ಕದಲ್ಲಿ ಕೂತ. ಮೇಸ್ತ್ರಿ ಹೇಳಿದ, ಅವನು ಬರೆದ. ಒಂದು ಕಡೆ ಮೇಸ್ತ್ರಿ "ಹದಿನೈದು" ಅಂದದ್ದನ್ನು, ಹದಿನೈದು ಅಂದರೆ ಮಾಡಿದ ಹಾಗೆ ಕಾಣುತ್ತದೆಂದು ಇವನೇ ಹದಿನಾಲ್ಕು ಮಾಡಿದ. ಇಪ್ಪತ್ತು ನಿಮಿಷದಲ್ಲಿ ಇಪ್ಪತ್ತು ಮೀಟರ್ ಮುಗಿಯಿತು. ಹದಿನಾರನೇ ಬೋರಿನ ಮಣ್ಣನ್ನೇ ಎರಡು ಪಾಲು ಮಾಡಿ ಇನ್ನೊಂದು ಸಾಲು ಮಾದರಿ ಡಬ್ಬಿ ತುಂಬಿ ಹದಿನೇಳರ ಚೀಟಿ ಅಂಟಿಸಿದರು. ಕೊನೆಗೆ ಮೇಸ್ತ್ರಿ ಹಾಳೆಯನ್ನು ದೂರ ಹಿಡಿದು ನೋಡಿ, "ತೀರ ಬೆಳ್ಳಗಿದೆ, ಯಾರೂ ನಂಬಲ್ಲ," ಎಂದು ಹೆಬ್ಬೆರಳನ್ನು ಕೆಸರಿಗೆ ಅದ್ದಿ ಮೂಲೆಗೆ ಒತ್ತಿದ. ಇಬ್ಬರೂ ನಕ್ಕಿದ್ದರು. ಚೆನ್ನಾಗಿ ನಕ್ಕಿದ್ದರು.

ಆಮೇಲೆ ಅದು ಅಷ್ಟಾಗಿ ಕಾಡಿರಲಿಲ್ಲ. ಯಂತ್ರ ಹೇಗೂ ಎಲ್ಲ ಕಡೆಯೂ ಹೆಚ್ಚಿನ ಒತ್ತಡದಲ್ಲೇ ಹೋಗುತ್ತದೆ, ಯಾವ ಮಣ್ಣು ಬಂದರೂ ತಡೆದುಕೊಳ್ಳುತ್ತದೆ ಎಂದು ಸಮಾಧಾನ ಹೇಳಿಕೊಂಡಿದ್ದ. ಆ ಸಮಾಧಾನಕ್ಕೆ ಈಗ ಮೂರರಲ್ಲಿ ಒಂದು ಪಾಲು ಕತ್ತರಿ ಬಿದ್ದಿತ್ತು.

ಉಪನ್ಯಾಸ ಮುಗಿದ ಮೇಲೆ ಚೀಫ್ ಅವನ ಬೆನ್ನ ಮೇಲೆ ಕೈ ಹಾಕಿದರು. ಹಾಗೆ ಅವರು ಕೈ ಹಾಕಿದ್ದು ಅದೇ ಮೊದಲು. "ಒತ್ತಡ ಇಳಿಸೋಕೆ ಯಂತ್ರದವರಿಗೆ ಕಾಗದ ಹೋಗಬೇಕು. ನೀನೇ ಟೈಪ್ ಮಾಡು, ನಿನ್ನ ಬೋರಲ್ವಾ? ನಾಳೆ ಸಂಜೆ ಸಹಿ ಹಾಕ್ತೀನಿ. ಮುಂದಿನ ತಿಂಗಳು ಸೆಕ್ಷನ್ ಇಂಜಿನಿಯರ್ ಜಾಗ ಖಾಲಿ ಆಗುತ್ತೆ, ಗೊತ್ತಲ್ಲ?"

"ಗೊತ್ತು ಸಾರ್."

"ಯಂತ್ರ ಎಲ್ಲಿದೆ ಇವತ್ತು?"

"ಲಾಂಡ್ರಿಯಿಂದ ನೂರಾ ಮೂವತ್ತು ಮೀಟರ್ ಹಿಂದೆ."

ದಿನಕ್ಕೆ ಹನ್ನೆರಡು ಮೀಟರ್. ಹನ್ನೊಂದು ದಿನ. ಲೆಕ್ಕ ಮಾಡಲು ಅವನಿಗೆ ಕಾಗದ ಬೇಕಾಗಲಿಲ್ಲ.

*

ಬೆಳಿಗ್ಗೆ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಾಗ ಅವನು ಎರಡು ಕೋಣೆಗಳ ನಡುವೆ ಆ ಕಡೆಯಿಂದ ಈ ಕಡೆಗೆ ಏಳನೇ ಸಲ ಓಡಾಡುತ್ತಿದ್ದ. ಅಕ್ಕ ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಮುಂದಿನ ಕೋಣೆ ಪೂರ್ತಿ ನೀಲಿ ಬಟ್ಟೆ. ಭಾವ ಬಸ್ಸಿನ ಡ್ರೈವರು, ಬೆಳಗಿನ ಪಾಳಿಗೆ ಆಗಲೇ ಹೋಗಿದ್ದರು.

"ಲೋ, ಒಂದು ಕಡೆ ಕೂತ್ಕೋ. ತಲೆ ತಿರುಗುತ್ತೆ ನಿನ್ನ ನೋಡಿ. ಹೊಟ್ಟೆ ಕೆಟ್ಟಿದ್ಯಾ?"

"ಇಲ್ಲ."

"ಹುಡುಗಿ ವಿಷಯಾನಾ?"

"ಅಯ್ಯೋ, ಅದೆಲ್ಲ ಏನಿಲ್ಲ."

"ಹಾಗಾದ್ರೆ ಆಫೀಸಿಂದು. ಅದಕ್ಕೆ ನಾನೇನೂ ಮಾಡಕ್ಕಾಗಲ್ಲ." ಅವಳು ದಾರವನ್ನು ಹಲ್ಲಿನಲ್ಲಿ ಕಚ್ಚಿ ಕತ್ತರಿಸಿದಳು. "ತಟ್ಟೇಲಿ ಹಾಕಿಟ್ಟಿದ್ದು ಹಾಗೇ ಇದೆ. ತಿನ್ನು."

ಅವನು ತಿನ್ನಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಕೇಳಿದ: "ಅಕ್ಕ, ಯಾವತ್ತಾದ್ರೂ ಅಳತೆ ತೆಗೀದೆ ಬಟ್ಟೆ ಕತ್ತರಿಸಿದ್ದೀಯಾ?"

"ಎಷ್ಟೋ ಸಲ. ಒಂದೊಂದು ಸಲ ಮಗು ಬಂದೇ ಇರಲ್ಲ, ಅಮ್ಮ ಮಾತ್ರ ಬಂದು, ಇಷ್ಟುದ್ದ ಇದ್ದಾನೆ ಅಂತ ಕೈ ತೋರಿಸಿ ಹೋಗ್ತಾಳೆ."

"ಆಮೇಲೆ?"

"ಆಮೇಲೇನು, ಒಳಗಡೆ ಎರಡು ಬೆರಳು ಬಟ್ಟೆ ಜಾಸ್ತಿ ಬಿಟ್ಟು ಹೊಲೀತೀನಿ. ಬಿಗಿಯಾದ್ರೆ ಬಿಚ್ಚಿ ಬಿಡಬಹುದಲ್ಲ." ಅವಳು ತಲೆಯೆತ್ತಿದಳು. "ಯಾಕೆ? ನೀನೇನು ಕತ್ತರಿಸಿದೆ?"

"ಏನಿಲ್ಲ."

"ಜಾಸ್ತಿ ಬಿಟ್ಟಿದ್ಯಾ?"

"ಬಿಟ್ಟಿದ್ದೆ. ನಿನ್ನೆ ಅದನ್ನೂ ತೆಗೆಯೋಕೆ ಹೇಳಿದ್ರು."

ಅಕ್ಕನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಜಾತಿ ಅವಳದಲ್ಲ. ಪೆಡಲು ತುಳಿದಳು. ಅವನು ಅರ್ಧ ಲೋಟ ನೀರು ಕುಡಿದು, ಒಂದು ಶೂ ದಾರ ಕಟ್ಟದೆಯೇ ಮೆಟ್ಟಿಲಿಳಿದ.

*

ಸುರಂಗದ ದಾರಿಯುದ್ದಕ್ಕೂ ನೆಲಕ್ಕೆ ಹಿತ್ತಾಳೆಯ ಮೊಳೆಗಳನ್ನು ಹೊಡೆದಿರುತ್ತಾರೆ, ನೆಲ ಇಳಿಯುತ್ತಿದೆಯೇ ಎಂದು ಅಳೆಯಲು. ಆ ಮೊಳೆ ನೋಡುವ ನೆಪದಲ್ಲಿ ಅವನು ಲಾಂಡ್ರಿಗೆ ಹೋದ. ಗೇಟು ತೆರೆದೇ ಇತ್ತು. ಹಿತ್ತಲಿನಲ್ಲಿ ಹತ್ತು ಸಾಲು ತಂತಿ, ತಂತಿಯ ತುಂಬ ಹಾಸುಬಟ್ಟೆ. ಏಳೆಂಟು ಹೆಂಗಸರು ಬಕೆಟ್ಟು ಹಿಡಿದು ಬಟ್ಟೆಗಳ ನಡುವೆ ಕಾಣಿಸಿಕೊಂಡು ಮರೆಯಾಗುತ್ತಿದ್ದರು. ಸುರಂಗ ಈ ಕಾಂಕ್ರೀಟು ನೆಲದ ಹದಿನಾಲ್ಕು ಮೀಟರ್ ಕೆಳಗೆ ಹಾಯಲಿತ್ತು.

ಯಜಮಾನಿಯ ಸೊಂಟದಲ್ಲಿ ಅದೇ ಕೀಲಿಗೊಂಚಲು. ಅವನನ್ನು ಕಂಡದ್ದೇ ಕಣ್ಣು ಕಿರಿದು ಮಾಡಿದಳು. "ನೀನು ಗೇಟ್ ಹೊರಗೆ ನಿಂತು ಬೈಸಿಕೊಂಡ ಹುಡುಗ ಅಲ್ವಾ? ದಪ್ಪಗಾಗಿದ್ದೀಯ."

"ಹೂಂ ಅಮ್ಮ. ನಾನೇ."

"ಅವತ್ತು ಹಾಗೆ ಓಡಿಹೋದೆಯಲ್ಲಪ್ಪ! ನಾನು ಬೇಡ ಅಂದಿದ್ದು ಆ ಒಂದು ದಿನಕ್ಕೆ. ಮಾರನೇ ದಿನ ನೀನು ಬರ್ತೀಯ ಅಂತ ಈ ಮೂರು ಸಾಲು ಬಟ್ಟೆ ತೆಗೆಸಿ, ಜಾಗ ಮಾಡಿ, ಗೇಟ್ ತೆಗೆದಿಟ್ಟು ಕಾದೆ. ಮಧ್ಯಾಹ್ನದ ತನಕ ಕಾದೆ. ಇವರನ್ನ ಕೇಳು ಬೇಕಾದ್ರೆ."

"ಹೌದಪ್ಪ," ಎಂದು ಹಾಸುಬಟ್ಟೆಯ ಹಿಂದಿನಿಂದ ಒಂದು ದನಿ ಬಂತು. "ನಮಗೆಲ್ಲ ಬೈದು ತೆಗೆಸಿದ್ರು. ನೀನು ಬರಲೇ ಇಲ್ಲ."

ಅವನು ಮೊಳೆಯ ಮುಂದೆ ಕುಕ್ಕುರುಗಾಲಲ್ಲಿ ಕೂತ. ನೆಲದ ಮೇಲೆ ಸೋಪಿನ ನೀರು ತೆಳ್ಳಗೆ ಹರಿದು ಹಿಂದಿನ ಮೂಲೆಯತ್ತ ಹೋಗುತ್ತಿತ್ತು. ಅಲ್ಲಿ ಚರಂಡಿ ಕಾಣಲಿಲ್ಲ.

"ಇಷ್ಟು ನೀರು ಎಲ್ಲಿಗೆ ಹೋಗುತ್ತಮ್ಮ?"

"ಆ ಮೂಲೇಲಿ ಗುಂಡಿ ಇದೆ. ನಮ್ಮ ಮಾವ ತೋಡಿಸಿದ್ದು. ಮೂವತ್ತು ವರ್ಷ ಆಯ್ತು, ದಿನಾ ಇಷ್ಟು ಸುರೀತೀವಿ, ಒಂದು ದಿನ ತುಂಬಿದ್ದಿಲ್ಲ." ಅವಳಿಗೆ ಅದೊಂದು ಹೆಮ್ಮೆಯ ವಿಷಯವಾಗಿತ್ತು. "ಪಕ್ಕದವರ ಗುಂಡಿ ವರ್ಷಕ್ಕೆರಡು ಸಲ ಉಕ್ಕುತ್ತೆ. ನಮ್ಮ ನೆಲಕ್ಕೆ ಎಷ್ಟು ಕುಡಿದ್ರೂ ಬಾಯಾರಿಕೆ."

ಅವನು ಚೀಲದಿಂದ ಸಣ್ಣ ಸುತ್ತಿಗೆ ತೆಗೆದು ಮೊಳೆಯ ಪಕ್ಕದಲ್ಲಿ ನೆಲಕ್ಕೆ ಬಡಿದ. ಟಕ್. ಎರಡು ಹೆಜ್ಜೆ ಮುಂದೆ ಬಡಿದ. ಟಕ್. ಮೂಲೆಯ ಕಡೆ ಸರಿಯುತ್ತ ಬಡಿಯುತ್ತ ಹೋದ. ಗುಂಡಿಗೆ ಇನ್ನೂ ಐದಾರು ಮಾರು ಇರುವಾಗ ಸದ್ದು ಬದಲಾಯಿತು. ಅದು ಖಾಲಿ ಡಬ್ಬದ ಸದ್ದು. ಅವನು ಹಿಂದೆ ಬಂದು ಮತ್ತೆ ಬಡಿದ. ಅದೇ ಜಾಗದಲ್ಲಿ ಅದೇ ಸದ್ದು. ಆ ಜಾಗದ ಮೇಲೆ ಒಬ್ಬ ಹೆಂಗಸು ಬಕೆಟ್ಟಿಟ್ಟು, ಬಟ್ಟೆ ಹಿಂಡುತ್ತ, "ಏನು ಹುಡುಕ್ತಿದ್ದೀಯಪ್ಪ, ನಿಧಿನಾ?" ಎಂದಳು.

"ಸ್ವಲ್ಪ ಈ ಕಡೆ ಬಂದು ನಿಂತ್ಕೊಳ್ಳಿ," ಎಂದ.

ಅವಳು ನಕ್ಕಳು, ಕದಲಲಿಲ್ಲ.

*

ಮೇಸ್ತ್ರಿ ಈಗ ತನ್ನದೇ ಬೋರಿಂಗ್ ಸಾಮಾನು, ತನ್ನದೇ ಆಳು ಇಟ್ಟುಕೊಂಡಿದ್ದ. ಮಧ್ಯಾಹ್ನ ಅವನು ಸಿಕ್ಕಿದ್ದು ಒಂದು ಹೊಸ ಕಟ್ಟಡದ ಅಡಿಪಾಯದ ಗುಂಡಿಯ ಪಕ್ಕ. ಮೂರು ಕಾಲಿನ ಕಬ್ಬಿಣದ ಕಂಬದ ನೆರಳಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದ.

"ಬಾ ಇಂಜಿನಿಯರಪ್ಪ, ಊಟ ಮಾಡು. ಮುಖ ಯಾಕೆ ಹರಳೆಣ್ಣೆ ಕುಡಿದ ಹಾಗಿದೆ?"

ಅವನು ಹೇಳಿದ. ಮೇಷ್ಟ್ರ ಪರದೆ, ಒತ್ತಡ, ಕಾಗದ, ಗುಂಡಿ, ಸುತ್ತಿಗೆಯ ಸದ್ದು, ಎಲ್ಲ. ಮೇಸ್ತ್ರಿ ಅಗಿಯುತ್ತಲೇ ಕೇಳಿಸಿಕೊಂಡ.

"ಎಷ್ಟು ಜನ ಹೀಗೆ ಬರೀತಾರೆ ಗೊತ್ತಾ? ನಾನು ಕಂಡಿದ್ದೇ ಹತ್ತು. ಎಲ್ಲಾ ಕಟ್ಟಡನೂ ನಿಂತಿದ್ದಾವೆ."

"ಇದರ ಕೆಳಗೆ ಟೊಳ್ಳಿದೆ. ನಾನೇ ಕೇಳಿದೆ."

"ಕಾಂಕ್ರೀಟ್ ಎದ್ದಿರುತ್ತೆ. ಎಲ್ಲಾ ಕಡೆ ಹಾಗೇ ಸದ್ದು ಬರುತ್ತೆ." ಹೇಳಿದ ಮೇಲೆ ಮೇಸ್ತ್ರಿ ಸ್ವಲ್ಪ ಹೊತ್ತು ಅಗಿಯುವುದನ್ನು ನಿಲ್ಲಿಸಿದ. "ಗುಂಡಿ ಮೂವತ್ತು ವರ್ಷದಿಂದ ತುಂಬಿಲ್ಲ ಅಂದ್ಳಾ?"

"ಹೂಂ."

"ಹಾಳಾಗಿ ಹೋಗ್ಲಿ. ಅಷ್ಟು ನೀರು ಕೆಳಗಿನ ಮಣ್ಣನ್ನೇ ತೊಳ್ಕೊಂಡು ಹೋಗಿರುತ್ತೆ." ಡಬ್ಬಿಯ ಮುಚ್ಚಳ ಹಾಕಿದ. "ನೋಡು, ನಾಲ್ಕು ವರ್ಷ ಬಾಯಿ ಮುಚ್ಕೊಂಡಿದ್ದೀಯ. ಇನ್ನು ಹತ್ತು ದಿನ ಮುಚ್ಕೊಂಡ್ರೆ ಯಂತ್ರ ದಾಟಿ ಹೋಗುತ್ತೆ. ಏನೂ ಆಗದೆಯೂ ಇರಬಹುದು. ಹೇಳಿದ್ರೆ ಮಾತ್ರ ನಿನ್ನ ಕೆಲಸ ಹೋಗೋದು ಗ್ಯಾರಂಟಿ. ನನಗಂತೂ ಆಮೇಲೆ ಯಾರೂ ಒಂದು ತೂತು ಹೊಡೆಯೋಕೂ ಕರೆಯಲ್ಲ. ಅಲ್ಲದೆ ಆ ಹಾಳೆ ಮೇಲೆ ಸಹಿ ನಂದಲ್ಲ."

"ಹೆಬ್ಬೆಟ್ಟು ನಿಂದು."

ಮೇಸ್ತ್ರಿ ನಗಲು ಹೋದ, ನಗು ಅರ್ಧಕ್ಕೆ ನಿಂತಿತು. ತನ್ನ ಹೆಬ್ಬೆರಳನ್ನು ನೋಡಿಕೊಂಡು ಪ್ಯಾಂಟಿಗೆ ಒರೆಸಿದ. "ಅಷ್ಟು ದೊಡ್ಡದಾಗಿ ಕಾಣ್ತಿತ್ತಾ ಪರದೆ ಮೇಲೆ?"

"ಗೋಡೆಯಷ್ಟು."

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಚೀಫ್. "ಕಾಗದ ರೆಡಿಯಾ?"

"ಸಂಜೆ ಕೊಡ್ತೀನಿ ಸಾರ್," ಎಂದ ಅವನು. ಒಂದಕ್ಷರವನ್ನೂ ಟೈಪ್ ಮಾಡಿರಲಿಲ್ಲ.

*

ಸಂಜೆ ಮೇಷ್ಟ್ರ ಕೋಟಿನ ಅಂಚಿಗೆ ಕಾಲರ್ ಮೈಕು ಸಿಕ್ಕಿಸಿದವನು ಅವನೇ. ಪುಟ್ಟ ಹಸಿರು ದೀಪ ಹತ್ತಿದ್ದನ್ನು ನೋಡಿಯೇ ತನ್ನ ಜಾಗಕ್ಕೆ ಬಂದು ಕೂತ. ಮುಂದಿನ ಸಾಲಿನಲ್ಲಿ ಚೀಫ್ ಪಕ್ಕದವರ ಕಿವಿಯಲ್ಲಿ ಏನೋ ಹೇಳಿ, ಇವನತ್ತ ಬೆರಳು ತೋರಿಸಿದರು. ಪಕ್ಕದವರು ಮೆಚ್ಚುಗೆಯಿಂದ ತಲೆಯಾಡಿಸಿದರು.

ಪ್ರಶ್ನೆಗಳು ಶುರುವಾದವು. ಪಕ್ಕದ ಮನೆಯ ಅಡಿಪಾಯ ಕೆದಕದೆ ಗುಂಡಿ ತೋಡುವುದು ಹೇಗೆ ಎಂದು ಒಬ್ಬ ಗುತ್ತಿಗೆದಾರ ಕೇಳಿದ. ಮೇಷ್ಟ್ರು, "ಮೊದಲು ಪಕ್ಕದ ಮನೆಯವರಿಗೆ ಹೇಳಿ. ಅರ್ಧ ಜನ ಅದನ್ನೇ ಮಾಡಲ್ಲ," ಎಂದರು. ಮತ್ತೊಬ್ಬರು ನೀರಿನ ಮಟ್ಟದ ಬಗ್ಗೆ ಕೇಳಿದರು. ಅವನು ಪೆನ್ನಿನ ಟೋಪಿ ತೆಗೆದ, ಹಾಕಿದ, ತೆಗೆದ. ಮೇಜಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದ ಸಂಘಟಕರೊಬ್ಬರು ಪೆನ್ನನ್ನು ಅವನ ಕೈಯಿಂದ ಮೆತ್ತಗೆ ತೆಗೆದು ಮೇಜಿನ ಮೇಲಿಟ್ಟರು.

ಕೊನೆಯ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದಳು. "ಸಾರ್, ಒತ್ತಡ ಇಳಿಸಿ ಅಂತ ನಿನ್ನೆ ಹೇಳಿದ್ರಿ. ಬರೀ ಒಂದು ಬೋರ್ ನೋಡಿಕೊಂಡು ಹಾಗೆ ಹೇಳಬಹುದಾ?"

"ಒಳ್ಳೆ ಪ್ರಶ್ನೆ," ಎಂದರು ಮೇಷ್ಟ್ರು. ಪ್ರಶ್ನೆ ಅವರಿಗೆ ಹಿಡಿಸಲಿಲ್ಲವೆಂಬುದು ಕಾಣುತ್ತಿತ್ತು. "ಬೋರ್ ಒಂದೇ ಆದ್ರೂ ಎಂಥ ಬೋರ್ ಅನ್ನೋದು ಮುಖ್ಯ. ಹದಿನೇಳು ಮತ್ತೆ ಹಾಕಪ್ಪ."

ಪರದೆಯ ಮೇಲೆ ಏನೂ ಬರಲಿಲ್ಲ.

"ಹದಿನೇಳು," ಎಂದರು ಮೇಷ್ಟ್ರು.

ಅವನ ಹೆಬ್ಬೆರಳು ಗುಂಡಿಯ ಮೇಲೆಯೇ ಇತ್ತು. ಕಾಲು ಅಲುಗಾಡುವುದನ್ನು ನಿಲ್ಲಿಸಿತ್ತು. ಎರಡು ದಿನದಲ್ಲಿ ಮೊದಲ ಸಲ.

ಮೇಷ್ಟ್ರು ವೇದಿಕೆಯಿಂದ ಇಳಿದು ಅವನ ಮೇಜಿನ ಹತ್ತಿರ ಬಂದು ಬಗ್ಗಿದರು. "ಏನಾಯ್ತಪ್ಪ? ಬ್ಯಾಟರಿ ಹೋಯ್ತಾ?" ಅವರ ಕೋಟಿನ ಅಂಚು ಅವನ ಬಾಯಿಂದ ಗೇಣು ದೂರದಲ್ಲಿತ್ತು. ಹಸಿರು ದೀಪ ಉರಿಯುತ್ತಿತ್ತು.

"ಆ ಬೋರ್ ಹೊಡೆದಿಲ್ಲ ಸಾರ್," ಎಂದ. ಮೆಲ್ಲಗೇ ಹೇಳಿದ್ದ. ಸಭಾಂಗಣದ ನಾಲ್ಕೂ ಮೂಲೆಯ ಸ್ಪೀಕರುಗಳು ಅದನ್ನು ಒಟ್ಟಿಗೆ ಹೇಳಿದವು.

"ಏನು?"

"ಹೊಡೆದೇ ಇಲ್ಲ. ಲಾಂಡ್ರಿ ಗೇಟ್ ಹೊರಗೆ ಕೂತು ಬರೆದಿದ್ದು. ಅಂಕಿಯೆಲ್ಲ ನಂದೇ. ಆ ಮಣ್ಣು ಹದಿನಾರರದು."

ಯಾರೋ ಕಿಸಕ್ಕನೆ ನಕ್ಕು ತಕ್ಷಣ ಬಾಯಿ ಮುಚ್ಚಿಕೊಂಡರು. ಕುರ್ಚಿಯೊಂದು ಕಿರುಗುಟ್ಟಿತು. ಮೇಷ್ಟ್ರು ಬಗ್ಗಿದವರು ಹಾಗೇ ಇದ್ದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾಗಿ, ಹಿಂದೆ ತಿರುಗಿ ಖಾಲಿ ಪರದೆಯನ್ನು ನೋಡಿದರು. ಅಲ್ಲಿ ಹಾಳೆ ಇನ್ನೂ ಇದೆಯೇನೋ ಎಂಬಂತೆ ಮೇಲಿಂದ ಕೆಳಗೆ ನೋಡಿದರು.

"ಮೊದಲನೇ ವರ್ಷದ ಕ್ಲಾಸಲ್ಲೇ ಹೇಳ್ತೀನಿ," ಎಂದರು, ಯಾರಿಗೂ ಅಲ್ಲದೆ. "ಮೆಟ್ಟಿಲ ಹಾಗೆ ಏರೋ ಅಂಕಿ ಬಂದ್ರೆ ಹೋಗಿ ಜಾಗ ನೋಡ್ಕೊಂಡು ಬನ್ನಿ ಅಂತ." ಅದೂ ಸ್ಪೀಕರಿನಲ್ಲಿ ಬಂತು. ಅವರು ಮೈಕನ್ನು ಕಿತ್ತು ಮೇಜಿನ ಮೇಲಿಟ್ಟರು. "ಅಲ್ಲಿ ಮೇಲೆ ಯಾರಿದ್ದಾರೆ?"

"ಬಟ್ಟೆ ಒಗೆಯೋರು. ಏಳೆಂಟು ಜನ."

ಚೀಫ್ ಎದ್ದು ನಿಂತಿದ್ದರು. ಅವರ ಮುಖದ ಬಣ್ಣ ನೋಡುವಂತಿರಲಿಲ್ಲ. "ಹೊರಗೆ ಬಾ."

ಓಣಿಯಲ್ಲಿ ಚಹಾ ಲೋಟಗಳ ಟ್ರೇ ಹಿಡಿದು ನಿಂತಿದ್ದವನನ್ನು ಚೀಫ್ ಕಣ್ಣಿನಿಂದಲೇ ಅತ್ತ ಕಳಿಸಿದರು. "ನನಗೊಬ್ಬನಿಗೆ ಬಂದು ಹೇಳೋಕೆ ಆಗ್ತಿರಲಿಲ್ವಾ? ಎಂಬತ್ತು ಜನರ ಮುಂದೆ ನನ್ನ ಮಾನ ಹರಾಜು ಹಾಕಬೇಕಾಗಿತ್ತಾ?"

"ನಿಮಗೊಬ್ಬರಿಗೆ ಹೇಳಿದ್ರೆ ಏನು ಮಾಡ್ತಿದ್ರಿ ಸಾರ್?"

ಚೀಫ್ ಗೋಡೆಗೆ ಅಂಟಿಸಿದ್ದ ಉಪನ್ಯಾಸದ ಪ್ರಕಟಣೆಯನ್ನು ಸ್ವಲ್ಪ ಹೊತ್ತು ಓದಿದರು. ಅದರಲ್ಲಿ ಅವರ ಹೆಸರೂ ಇತ್ತು. "ಐಡಿ ಕಾರ್ಡ್ ಕೊಡು," ಎಂದರು.

ಅವನು ಕೊರಳಿನಿಂದ ತೆಗೆದು ಕೊಟ್ಟ. ಚೀಫ್ ಅದನ್ನು ಜೇಬಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ಹೋದವರು ತಿರುಗಿ ಬಂದು ಅವನ ಕೈಗೇ ತುರುಕಿದರು. "ಬೋರ್ ಹೊಡೆಯೋ ತನಕ ಇಟ್ಕೋ. ಅಲ್ಲಿ ನಿಂತ್ಕೊಂಡು ಎಣಿಸೋರು ಯಾರು, ನಾನಾ? ಆ ನಿನ್ನ ಮೇಸ್ತ್ರಿನೂ ಎಳ್ಕೊಂಡು ಬಾ."

*

ಶುಕ್ರವಾರ ಬೆಳಿಗ್ಗೆ ಲಾಂಡ್ರಿಯ ಹಿತ್ತಲಿನಲ್ಲಿ ಮೂರು ಸಾಲು ತಂತಿ ಖಾಲಿಯಾಗಿತ್ತು. ಉಳಿದ ಬಟ್ಟೆಗೆ ಯಜಮಾನಿ ಪ್ಲಾಸ್ಟಿಕ್ ಹೊದಿಸಿದ್ದಳು. ಸುರಂಗ ಯಂತ್ರವನ್ನು ಹಿಂದಿನ ದಿನವೇ ನಿಲ್ಲಿಸಿದ್ದರು. ಮೂರು ಕಾಲಿನ ಕಂಬ ಎದ್ದು ನಿಂತಿತ್ತು. ಅದರ ನೆತ್ತಿಯ ರಾಟೆಯಿಂದ ಹಗ್ಗ, ಹಗ್ಗದ ತುದಿಯಲ್ಲಿ ಹ್ಯಾಮರ್. ಹಗ್ಗ ಎಳೆಯಲು ಇಬ್ಬರು ಆಳು.

ಮೇಷ್ಟ್ರು ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಬಂದರು. ಯಜಮಾನಿ ಹಾಕಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ಕೆಸರು ಹಾರಿ ಬೂಟಿಗೆ ಬಿದ್ದರೂ ಕಾಲು ಹಿಂದಕ್ಕೆ ತೆಗೆಯಲಿಲ್ಲ. ಚೀಫ್ ಗೇಟಿನ ಹತ್ತಿರ ಫೋನಿನಲ್ಲಿ ಯಾರಿಗೋ ವಿವರಣೆ ಕೊಡುತ್ತ ಆಚೀಚೆ ಹೋಗುತ್ತಿದ್ದರು.

"ಒಂದು," ಎಂದು ಮೇಸ್ತ್ರಿ ಕೂಗಿದ. ಹ್ಯಾಮರ್ ಬಿತ್ತು. "ಎರಡು." ಅವನ ದನಿಯಲ್ಲಿ ಒರಟುತನವಿತ್ತು. ಬೆಳಿಗ್ಗೆ ಬಂದಾಗಿನಿಂದ ಅವನು "ಇಂಜಿನಿಯರಪ್ಪ" ಎಂದಿರಲಿಲ್ಲ. "ನಿನ್ನ ಜೊತೆ ಕೂತಿದ್ದೇ ತಪ್ಪು" ಎಂದಿದ್ದು ಬಿಟ್ಟರೆ ಬರೀ ಎಣಿಕೆ.

ಒಂದೂವರೆ ಮೀಟರಿನಲ್ಲಿ ಏಳು ಪೆಟ್ಟು. ಅವನು ಹೊಸ ಹಾಳೆಯಲ್ಲಿ ಬರೆದ. ಮೂರು ಮೀಟರಿನಲ್ಲಿ ಹದಿನೈದು. ನಾಲ್ಕೂವರೆಯಲ್ಲಿ ನಾಲ್ಕು. ಆರರಲ್ಲಿ ಇಪ್ಪತ್ತೆರಡು, ಹ್ಯಾಮರ್ ಬಿದ್ದಾಗ ಕಲ್ಲಿಗೆ ಬಡಿದ ಸದ್ದು. ಏಳೂವರೆಯಲ್ಲಿ ಐದು.

"ಗಲಾಟೆ ಮಾಡ್ತಿದ್ದಾವೆ," ಎಂದರು ಮೇಷ್ಟ್ರು, ಕುರ್ಚಿಯಿಂದಲೇ. ಆ ಬೆಳಗಿನ ಅವರ ಮೊದಲ ಮಾತು ಅದು. ಯಾರೂ ನಗಲಿಲ್ಲ.

ಒಂಬತ್ತು ಮೀಟರಿಗೆ ಕೊರೆದು, ತೂತಿಗೆ ಇಳಿಸಿದ್ದ ಕೊಳವೆಯೊಳಗೆ ರಾಡುಗಳನ್ನು ಒಂದಕ್ಕೊಂದು ಜೋಡಿಸಿ ಇಳಿಸಿದರು. ತಳ ಮುಟ್ಟಿತು. ಮೇಸ್ತ್ರಿ ಸೀಮೆಸುಣ್ಣದಿಂದ ರಾಡಿನ ಮೇಲೆ ಗೇಣಿಗಿಂತ ತುಸು ಕಡಿಮೆ ಅಂತರದಲ್ಲಿ ಮೂರು ಗೆರೆ ಹಾಕಿದ. ಗೆರೆಗಳು ಕೊಳವೆಯ ಬಾಯಿಗಿಂತ ಮೇಲೆ ಬೆಳ್ಳಗೆ ಕಾಣುತ್ತಿದ್ದವು. ಆಳುಗಳು ಹಗ್ಗ ಎಳೆದರು. ಹ್ಯಾಮರ್ ಮೇಲೇರಿತು. ಬಟ್ಟೆ ಹಿಂಡುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು.

ಮೇಸ್ತ್ರಿ "ಒಂದು" ಎನ್ನಲು ಬಾಯಿ ತೆರೆದ. ಹಾಗೇ ಕೈ ಅಡ್ಡ ಚಾಚಿದ. ಆಳುಗಳು ಹಗ್ಗ ಬಿಡಲಿಲ್ಲ.

ರಾಡು ಇಳಿಯುತ್ತಿತ್ತು. ಯಾರೂ ಹೊಡೆದಿರಲಿಲ್ಲ, ಯಾರೂ ಮುಟ್ಟಿರಲಿಲ್ಲ. ಮೊದಲನೆಯ ಗೆರೆ ಕೊಳವೆಯ ಬಾಯೊಳಗೆ ಹೋಯಿತು. ಅವನು ಪೆನ್ಸಿಲ್ಲನ್ನು ಬಲಗಡೆಯ ಅಂಕಣದ ಮೇಲಿಟ್ಟುಕೊಂಡು ಕಾದ. ಎರಡನೆಯ ಗೆರೆ ಹೋಯಿತು. ಹೆಂಗಸೊಬ್ಬಳು ನೆಲದ ಮೇಲಿಟ್ಟಿದ್ದ ತನ್ನ ಬಕೆಟ್ಟನ್ನು ಎತ್ತಿಕೊಂಡು, ಸದ್ದಾಗದಂತೆ ಒಂದೊಂದೇ ಹೆಜ್ಜೆ ಹಿಂದಿಡುತ್ತ ಗೇಟಿನ ಕಡೆ ಸರಿದಳು. ಮೇಲೆ ಹ್ಯಾಮರ್ ಹಗ್ಗದಲ್ಲಿ ಮೆಲ್ಲಗೆ ತಿರುಗುತ್ತಿತ್ತು. ಮೂರನೆಯ ಗೆರೆ ಅಂಚಿಗೆ ಬಂದು, ಅರೆಕ್ಷಣ ನಿಂತು, ಒಳಗೆ ಇಳಿಯಿತು.